ಹಳೆಯ ಗಣಕಪ್ರತಿಗಳ ಪುನಃಸ್ಥಾಪನೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಆ ಕಾರಣದಿಂದ ಅನೇಕರು ತಮ್ಮ ಗಣಕಯಂತ್ರವನ್ನಾಗಲಿ ಅದರ ಆಪರೇಟಿಂಗ್ ಸಿಸ್ಟಮ್ಮನ್ನಾಗಲಿ ಬದಲಿಸಿದ್ದಾರೆ. ಹೀಗೆ ಬದಲಿಸಿದಾಗಲೇ ಕಪಾಟಿನಲ್ಲಿ ಧೂಳು ಹಿಡಿದಿದ್ದ ಹಳೆಯ ಬ್ಯಾಕಪ್ ಡಿಸ್ಕು ನೆನಪಿಗೆ ಬರುವುದು.

ನಿವೃತ್ತ ಅಧ್ಯಾಪಕರಾದ ನನ್ನ ಹಿರಿಯ ಮಿತ್ರರೊಬ್ಬರು ತಮ್ಮ ಊರಿನ ಕೆರೆ, ಶಾಸನ, ಮನೆತನಗಳನ್ನು ಕುರಿತು ಆರು ಅಧ್ಯಾಯಗಳ ಗ್ರಂಥವೊಂದನ್ನು ಬರೆದಿದ್ದರು. 2006ರಲ್ಲಿ ಅದರ ಪ್ರತಿಯನ್ನು ಡಿಸ್ಕಿನಲ್ಲಿ ತೆಗೆದಿರಿಸಿ ನಿಶ್ಚಿಂತರಾಗಿದ್ದರು. ಕಳೆದ ವರ್ಷ ಹೊಸ ಯಂತ್ರಕ್ಕೆ ಆ ಡಿಸ್ಕನ್ನು ಜೋಡಿಸಿದಾಗ ಕಂಡದ್ದು ಒಂದೇ ಒಂದು ದೊಡ್ಡ ಕಡತ; ಹೆಸರಿನ ತುದಿಯಲ್ಲಿ ಬಿ.ಕೆ.ಎಫ್. ಎಂಬ ಮೂರಕ್ಷರ. ತೆರೆಯಹೋದರೆ, ಯಾವ ತಂತ್ರಾಂಶದಿಂದ ತೆರೆಯಬೇಕೆಂದು ಯಂತ್ರವೇ ಅವರನ್ನು ಪ್ರಶ್ನಿಸಿತು. ಗ್ರಂಥ ಹೋಯಿತೆಂದೇ ಅವರು ಭಾವಿಸಿದರು.

ವಾಸ್ತವದಲ್ಲಿ ಕಡತಕ್ಕೆ ಏನೂ ಆಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿದ್ದ ಎನ್‌ಟಿಬ್ಯಾಕಪ್ ಎಂಬ ತಂತ್ರಾಂಶವು ನೂರಾರು ಕಡತಗಳನ್ನು ಒಂದೇ ಗಂಟಾಗಿ ಕಟ್ಟುತ್ತಿತ್ತು. ಆ ಗಂಟಿನ ವಿನ್ಯಾಸವು ಮೂಲತಃ ಕಾಂತೀಯ ಟೇಪುಗಳಿಗಾಗಿ ರೂಪಿತವಾದುದು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎನ್‌ಟಿಬ್ಯಾಕಪ್ಪನ್ನು ಕೈಬಿಟ್ಟು ಬೇರೆಯೇ ವಿಧಾನವನ್ನು ತಂದಿತು. ಹಳೆಯ ಗಂಟುಗಳನ್ನು ಬಿಚ್ಚಲು ಮಾತ್ರ ಬರುವ, ಹೊಸದನ್ನು ಕಟ್ಟಲು ಬಾರದ ಸಾಧನವೊಂದನ್ನು ವಿಸ್ಟಾಕ್ಕಾಗಿ ಪ್ರತ್ಯೇಕವಾಗಿ ನೀಡಿತು. 2009ರ ವಿಂಡೋಸ್ 7ಕ್ಕೆ ಅದೂ ಹೊಂದದೆ ಮತ್ತೊಂದನ್ನು ಕೊಡಬೇಕಾಯಿತು. ಬೀಗ ಬದಲಾದಂತೆಲ್ಲ ಹಳೆಯ ಕೀಲಿಗಳನ್ನು ಬಿಸಾಡುವ ಈ ಪದ್ಧತಿಯು ಬಳಕೆದಾರರ ಹಿತಕ್ಕಾಗಿ ನಡೆಯಿತೆಂದು ನನಗಂತೂ ಅನ್ನಿಸುವುದಿಲ್ಲ.

ಇಂಥ ಡಿಸ್ಕು ಕೈಗೆ ಬಂದಾಗ ಮೊದಲು ಮಾಡಬೇಕಾದುದು ಆ ಕಡತದ ಇನ್ನೊಂದು ಪ್ರತಿ. ಹಳೆಯ ಡಿಸ್ಕು ಯಾವ ಕ್ಷಣದಲ್ಲಿ ನಿಲ್ಲುವುದೋ ಹೇಳಬರುವುದಿಲ್ಲ. ಪ್ರಯೋಗಗಳೆಲ್ಲ ಹೊಸ ಪ್ರತಿಯ ಮೇಲೆಯೇ ನಡೆಯಲಿ. ಅನಂತರ ಎಕ್ಸ್‌ಪಿ ಇರುವ ಹಳೆಯ ಯಂತ್ರವೊಂದನ್ನು ಹುಡುಕುವುದು ಲೇಸು. ಅಥವಾ ಹೊಸ ಯಂತ್ರದೊಳಗೇ ವರ್ಚುವಲ್ ಯಂತ್ರವೆಂಬ ಕೃತಕ ಯಂತ್ರವನ್ನು ರಚಿಸಿ ಅದರಲ್ಲಿ ಎಕ್ಸ್‌ಪಿಯನ್ನು ಸ್ಥಾಪಿಸಬಹುದು. ಎಕ್ಸ್‌ಪಿಗೆ ಸುರಕ್ಷತಾ ಬೆಂಬಲವು 2014ರ ಏಪ್ರಿಲ್ 8ರಂದೇ ನಿಂತಿರುವುದರಿಂದ ಅದಕ್ಕೆ ಅಂತರ್ಜಾಲದ ಸಂಪರ್ಕ ಕೊಡಕೂಡದು. ಎಕ್ಸ್‌ಪಿಯ ಹೋಮ್ ಆವೃತ್ತಿಯಲ್ಲಿ ಎನ್‌ಟಿಬ್ಯಾಕಪ್ ತಾನಾಗಿ ಇರುತ್ತಿರಲಿಲ್ಲ, ಮೂಲ ಸಿ.ಡಿ.ಯಿಂದ ಅದನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ.

ಗಂಟನ್ನು ಬಿಚ್ಚುವಾಗ ಕಡತಗಳನ್ನು ಮೊದಲಿದ್ದ ಸ್ಥಳಕ್ಕೇ ಹಾಕಬೇಕೇ, ಬೇರೆಡೆಗೆ ಹಾಕಬೇಕೇ ಎಂದು ತಂತ್ರಾಂಶವು ಕೇಳುತ್ತದೆ. ಬೇರೆಡೆಯನ್ನೇ ಆರಿಸಬೇಕು, ಇಲ್ಲವಾದರೆ ಹೊಸ ಕಡತಗಳ ಮೇಲೆ ಹಳೆಯವು ಕುಳಿತಾವು. 'ಸಿಸ್ಟಮ್ ಸ್ಟೇಟ್' ಎಂಬ ಭಾಗವನ್ನು ಮುಟ್ಟಬಾರದು. ಅದು ಹಳೆಯ ಯಂತ್ರದ ಆಂತರಿಕ ವ್ಯವಸ್ಥೆಗೆ ಸೇರಿದ್ದು, ಹೊಸ ಯಂತ್ರಕ್ಕೆ ಹಾನಿಕರ. ಹೊರಬಂದ ಕಡತಗಳನ್ನು ಹೊಸ ಯಂತ್ರಕ್ಕೆ ಸಾಗಿಸಿದ ಮೇಲೆ 'ಅನುಮತಿ ಇಲ್ಲ' ಎಂಬ ಸೂಚನೆ ಬಂದರೆ ಗಾಬರಿಪಡಬೇಕಾಗಿಲ್ಲ. ಹಳೆಯ ಒಡೆತನದ ಗುರುತು ಅವುಗಳಿಗೆ ಅಂಟಿಕೊಂಡಿರುತ್ತದೆ. ಯಂತ್ರದ ಮೇಲ್ವಿಚಾರಕನ ಖಾತೆಯಿಂದ ಒಡೆತನವನ್ನು ವಹಿಸಿಕೊಂಡರೆ ತೆರೆಯುತ್ತವೆ. ಗೂಢಲಿಪೀಕರಿಸಿದ ಕಡತಗಳ ಮಾತು ಬೇರೆ. ಅವುಗಳ ಕೀಲಿಯನ್ನು ಅಂದೇ ತೆಗೆದಿರಿಸಿರದಿದ್ದರೆ ಆಸೆ ಬಿಡಬೇಕಾಗುತ್ತದೆ.

ಕನ್ನಡಿಗರಿಗೆ ಇನ್ನೂ ಒಂದು ತೊಡಕಿದೆ. ನನ್ನ ಮಿತ್ರರ ಅಧ್ಯಾಯಗಳು ಕೊನೆಗೂ ತೆರೆದಾಗ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು! ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳು ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡವು ಮಾಯವಾಗಿ ರೋಮನ್ ಮಾತ್ರ ಉಳಿಯುತ್ತದೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿಹಾಕಿದವರೂ ಉಂಟು. ಹಳೆಯ ಫಾಂಟನ್ನು ಸ್ಥಾಪಿಸಿದೊಡನೆ ಪುಟಗಳು ಓದಬರುತ್ತವೆ. ಅನಂತರ ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ತಂದ ಮೇಲೆ ಸಾಲುಸಾಲಾಗಿ ಓದಿ ನೋಡಬೇಕು. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ರಕಾರವೇ ಮೊದಲು ಬರುತ್ತದೆ. ಆದುದರಿಂದ 'ಧರ್ಮ', 'ವರ್ಷ'ದಂತಹ ಪದಗಳಲ್ಲಿ ದೋಷಗಳು ನುಸುಳುವ ಸಂಭವ ಹೆಚ್ಚು.

ಮಿತ್ರರ ಗ್ರಂಥದಲ್ಲಿ ಐದು ಅಧ್ಯಾಯಗಳು ಪೂರ್ಣವಾಗಿ ದೊರೆತವು. ಆರನೆಯದು ಗಂಟಿನೊಳಗೆ ಇರಲೇ ಇಲ್ಲ. ಅವರ ಡಿಸ್ಕು ಫ್ಯಾಟ್ 32 ಎಂಬ ವಿನ್ಯಾಸದ್ದು. ಅದರಲ್ಲಿ ಒಂದು ಕಡತವು 4 ಗಿಗಾಬೈಟನ್ನು ಮೀರಲಾರದು. ಭಾವಚಿತ್ರಗಳೂ ಸೇರಿ ಗಂಟು ಆ ಮಿತಿಯನ್ನು ಮುಟ್ಟಿದಾಗ ಬ್ಯಾಕಪ್ ಅರ್ಧದಲ್ಲಿಯೇ ನಿಂತಿತ್ತು. ಅಂದು ತೆರೆಯ ಮೇಲೆ ಮೂಡಿದ ಸೂಚನೆಯನ್ನು ಓದದೆ ಮುಚ್ಚಿದ್ದು ಅವರಿಗೆ ಈಗ ನೆನಪಾಗುತ್ತದೆ. ಮನೆತನಗಳನ್ನು ಕುರಿತ ಆ ಅಧ್ಯಾಯಕ್ಕಾಗಿ ಮಾಹಿತಿ ಕೊಟ್ಟ ಹಿರಿಯರಲ್ಲಿ ಈಗ ಇಬ್ಬರು ಮಾತ್ರ ಉಳಿದಿದ್ದಾರೆ. ಹಳೆಯ ಟಿಪ್ಪಣಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಅವರು ಅದನ್ನು ಪುನಃ ಬರೆಯಲು ತೊಡಗಿದ್ದಾರೆ.