ಮುಂಡಗೋಡದ ವಾದದಂಗಳ

ಹಾವೇರಿ ಜಿಲ್ಲೆಯ ಪಶ್ಚಿಮದಂಚಿನಲ್ಲಿ ಹಾನಗಲ್ಲ ದಾಟಿದ ಮೇಲೆ ಬಯಲು ಸರಿದು ಕಾಡು ಆರಂಭವಾಗುತ್ತದೆ. ಅಲ್ಲಿ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ, ತಾಯ್ನಾಡನ್ನು ಬಿಟ್ಟು ಬಂದ ಟಿಬೆಟನ್ ಸಮುದಾಯವೊಂದು 1966ರಿಂದ ನೆಲೆಸಿದೆ. ಅದರ ವಸತಿಗೆ ಇಟ್ಟ ಹೆಸರು ಡೊಗುಲಿಂಗ್. ಸುತ್ತಲಿನ ಜನರ ಬಾಯಲ್ಲಿ ಅದು ಟಿಬೆಟ್ ಕಾಲೊನಿ, ಇಲ್ಲವೆ ಲಾಮಾ ಕ್ಯಾಂಪು. ಕುಪ್ಪೇಲೂರು, ರಾಣೇಬೆನ್ನೂರು, ಬ್ಯಾಡಗಿಯ ಕಡೆಯಿಂದ ರಜೆಯ ದಿನ ಅಲ್ಲಿಗೆ ಹೋಗುವವರು ಬಂಗಾರದ ಬಣ್ಣದ ಬುದ್ಧಮೂರ್ತಿಯನ್ನು ನೋಡಿ, ಮೊಮೊ ತಿಂದು, ಕೆಂಪು ನಿಲುವಂಗಿಯ ಸನ್ಯಾಸಿಗಳ ಜೊತೆ ಚಿತ್ರ ತೆಗೆಸಿಕೊಂಡು ಕತ್ತಲಾಗುವ ಮೊದಲೇ ಮರಳುತ್ತಾರೆ. ಆದರೆ ಅಲ್ಲಿನ ಬೌದ್ಧ ಮಠಗಳ ಜೀವಾಳ ಗೊತ್ತಾಗುವುದು ಹೊತ್ತು ಮುಳುಗಿದ ಮೇಲೆ, ವಾದದಂಗಳದಲ್ಲಿ ನೂರಾರು ಸನ್ಯಾಸಿಗಳು ಕೂಡಿ ಒಬ್ಬರ ಮಾತನ್ನು ಇನ್ನೊಬ್ಬರು ತರ್ಕದಿಂದ ಒರೆಗೆ ಹಚ್ಚತೊಡಗಿದಾಗ.

ಈ ವಸತಿಯ ಚರಿತ್ರೆ ಚಿಕ್ಕದಾದರೂ ಕಠಿಣವಾದುದು. 1959ರ ಮಾರ್ಚ್ ತಿಂಗಳಿನಲ್ಲಿ ದಲೈ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಬಂದ ಸನ್ಯಾಸಿಗಳಲ್ಲಿ ಸುಮಾರು 1,500 ಮಂದಿಗೆ ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಒಮ್ಮೆ ಸೆರೆಮನೆಯಾಗಿ ಬಳಸಿದ್ದ ಶಿಬಿರದಲ್ಲಿ, ತಾತ್ಕಾಲಿಕ ನೆಲೆ ದೊರೆಯಿತು. ತಣ್ಣನೆಯ ಎತ್ತರದ ನಾಡಿನವರಾದ ಅವರಲ್ಲಿ ಅನೇಕರು ಅಲ್ಲಿನ ಸೆಕೆ ಮತ್ತು ಕ್ಷಯಕ್ಕೆ ಬಲಿಯಾದರು. ಉಳಿದವರು ಸುಮಾರು ಹತ್ತು ವರ್ಷ ಅಲ್ಲಿಯೇ ಅಧ್ಯಯನವನ್ನು ಮುಂದುವರಿಸಿದರು. ಅಷ್ಟರಲ್ಲಿ ಮೈಸೂರು ರಾಜ್ಯವು 1960ರಲ್ಲಿ ಬೈಲಕುಪ್ಪೆಯಲ್ಲಿಯೂ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದಲ್ಲಿಯೂ ಟಿಬೆಟನ್ನರಿಗೆ ನೆಲ ನೀಡಿತ್ತು. ಮುಂಡಗೋಡದ್ದು ಸುಮಾರು 4,000 ಎಕರೆ ಕಾಡುಭೂಮಿ. ಬಕ್ಸಾದ ಸನ್ಯಾಸಿಗಳಲ್ಲಿ ಸೆರಾ ಮಠದವರು ಬೈಲಕುಪ್ಪೆಗೂ, ಗಾಂಡೆನ್ ಮತ್ತು ಡ್ರೆಪುಂಗ್ ಮಠಗಳವರು ಮುಂಡಗೋಡಕ್ಕೂ ಬಂದರು. ಗಾಂಡೆನ್ ಮಠವನ್ನು ಟಿಬೆಟ್ಟಿನ ಗೆಲುಗ್ ಪಂಥದ ಮೂಲಪುರುಷ ತ್ಸೊಂಗ್‌ಖಾಪಾ 1409ರಲ್ಲಿಯೂ, ಡ್ರೆಪುಂಗ್ ಮಠವನ್ನು ಅವರ ಶಿಷ್ಯ ಜಮ್‌ಯಾಂಗ್ ಚೋಜೆ 1416ರಲ್ಲಿಯೂ ಲ್ಹಾಸಾದ ಆಸುಪಾಸಿನಲ್ಲಿ ಸ್ಥಾಪಿಸಿದ್ದರು. ಆರಂಭದ ವರ್ಷಗಳಲ್ಲಿ ಸನ್ಯಾಸಿಗಳೇ ಗಿಡಗಂಟಿ ಕಡಿದು, ಹೊಲ ಹಸನುಮಾಡಿ, ಹಗಲೆಲ್ಲ ದುಡಿದು ರಾತ್ರಿ ಶಾಸ್ತ್ರ ಓದುತ್ತಿದ್ದರೆಂಬುದನ್ನು ವಸತಿಯ ಹಿರಿಯರು ಇಂದಿಗೂ ನೆನೆಯುತ್ತಾರೆ.

ಮಠದ ದಿನಚರಿ ಬೆಳಗಿನ ಜಾವದ ಸಾಮೂಹಿಕ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಪಠಣವನ್ನು ನಡೆಸುವ ಹಿರಿಯನಿಗೆ ಉಮ್‌ಝೆ ಎಂದೂ, ಶಿಸ್ತು ಕಾಯುವವನಿಗೆ ಗೆಕೊ ಎಂದೂ, ಮಠಾಧಿಪತಿಗೆ ಖೆನ್‌ಪೊ ಎಂದೂ ಹೆಸರು. ಸಾಲಾಗಿ ಕುಳಿತವರಿಗೆ ಚಿಕ್ಕ ಸನ್ಯಾಸಿಗಳು ದೊಡ್ಡ ಕೆಟಲುಗಳಲ್ಲಿ ಚಹಾ ತಂದು ಬಡಿಸುತ್ತಾರೆ. ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆದ ಈ ಚಹಾ ಟಿಬೆಟ್ಟಿನಿಂದ ಅವರ ಜೊತೆ ಬಂದದ್ದು, ಮಧ್ಯಾಹ್ನದ ಅನ್ನ ಮತ್ತು ಬೇಳೆಸಾರು ಈ ನೆಲದಲ್ಲಿ ರೂಢಿಯಾದದ್ದು. ಬೆಳಗಿನ ಹೊತ್ತು ಕಂಠಪಾಠಕ್ಕೆ ಮೀಸಲು. ಕಿರಿಯರು ಮುಂದಕ್ಕೂ ಹಿಂದಕ್ಕೂ ತೂಗಾಡುತ್ತ, ಗಟ್ಟಿಯಾದ ದನಿಯಲ್ಲಿ, ಅರ್ಥ ತಿಳಿಯುವ ಮೊದಲೇ ನೂರಾರು ಪುಟಗಳ ಮೂಲಗ್ರಂಥಗಳನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ಗುರುವಿನ ಕೋಣೆಯಲ್ಲಿ ಪಾಠ ನಡೆಯುತ್ತದೆ. ಬಂದ ಪ್ರದೇಶಕ್ಕೆ ಅನುಗುಣವಾಗಿ ಸನ್ಯಾಸಿಗಳು ಖಾಂಗ್‌ತ್ಸೆನ್ ಎಂಬ ಮನೆಗಳಲ್ಲಿ ವಾಸಿಸುತ್ತಾರೆ. ತಿಂಗಳಿಗೆ ಎರಡು ಬಾರಿ ವ್ರತಶುದ್ಧಿಯ ಸಭೆ ಸೇರುತ್ತದೆ. ಬುದ್ಧನ ಕಾಲದ ವರ್ಷಾವಾಸದ ನಿಯಮದಂತೆ ಮಳೆಗಾಲದಲ್ಲಿ ಒಂದೇ ಕಡೆ ನೆಲೆನಿಲ್ಲುವ ವ್ರತವೂ ಉಂಟು.

ವಾದದಂಗಳವು ಮರಗಳಿರುವ, ಇಲ್ಲವೆ ಮೇಲೆ ಚಾವಣಿಯಿರುವ ವಿಶಾಲವಾದ ಪ್ರಾಂಗಣ. ವಾದಕ್ಕೆ ಮೊದಲು ಪ್ರಜ್ಞಾಪಾರಮಿತಾ ಹೃದಯಸೂತ್ರ ಮತ್ತು ಇಪ್ಪತ್ತೊಂದು ತಾರಾದೇವಿಯರ ಸ್ತುತಿಯ ಪಠಣ ನಡೆಯುತ್ತದೆ. ಅನಂತರ ಸಭೆ ಒಡೆದು, ಇಬ್ಬಿಬ್ಬರ ಜೋಡಿಗಳಾಗಿ, ಇಲ್ಲವೆ ಒಬ್ಬಿಬ್ಬರನ್ನು ನಡುವೆ ಕೂರಿಸಿಕೊಂಡ ಗುಂಪುಗಳಾಗಿ ಹಂಚಿಹೋಗುತ್ತದೆ. ಕುಳಿತವನು ಉತ್ತರವಾದಿ, ಒಂದು ಪ್ರತಿಜ್ಞೆಯನ್ನು, ಅಂದರೆ ತಾನು ಸಮರ್ಥಿಸಬೇಕಾದ ನಿಲುವನ್ನು, ಅವನು ಹಿಡಿದಿರುತ್ತಾನೆ. ನಿಂತವನು ಪ್ರಶ್ನಕ, ಅವನಿಗೆ ಸ್ವಂತ ನಿಲುವಿನ ಹೊಣೆಯಿಲ್ಲ, ಎದುರಿನವನ ಮಾತಿನಿಂದಲೇ ಅವನನ್ನು ವಿರೋಧಕ್ಕೆ ಸಿಲುಕಿಸುವುದು ಅವನ ಕೆಲಸ. ಪ್ರಜ್ಞೆಯ ಅಧಿದೇವತೆ ಮಂಜುಶ್ರೀಯ ಬೀಜಾಕ್ಷರವಾದ ‘ಧೀಃ’ ಎಂಬುದನ್ನು ಉಚ್ಚರಿಸಿ ಪ್ರಶ್ನಕನು ವಾದಕ್ಕೆ ತೊಡಗುತ್ತಾನೆ. ಪ್ರತಿ ಪ್ರಶ್ನೆಯ ಕೊನೆಗೆ ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತ, ಎಡ ಅಂಗೈಯ ಮೇಲೆ ಬಲ ಅಂಗೈಯನ್ನು ಜೋರಾಗಿ ತಟ್ಟಿ, ಕೂಡಲೇ ಎಡಗೈಯನ್ನು ಮುಂದೆ ಚಾಚಿ ಬಲಗೈಯನ್ನು ಹಿಂದಕ್ಕೂ ಮೇಲಕ್ಕೂ ಸೆಳೆದುಕೊಳ್ಳುತ್ತಾನೆ. ಎಡಗೈ ಪ್ರಜ್ಞೆ, ಬಲಗೈ ಕರುಣೆ, ತಟ್ಟುವುದು ಅವೆರಡರ ಕೂಟ. ಮುಂದೆ ಚಾಚಿದ ಎಡಗೈ ದುರ್ಗತಿಯ ಬಾಗಿಲನ್ನು ಮುಚ್ಚುತ್ತದೆ, ಮೇಲಕ್ಕೆ ಸೆಳೆದ ಬಲಗೈ ಜೀವಿಗಳನ್ನು ದುಃಖದಿಂದ ಎತ್ತುತ್ತದೆ ಎಂದು ಸಂಪ್ರದಾಯವು ಇದನ್ನು ಅರ್ಥೈಸುತ್ತದೆ. ಹೊಸದಾಗಿ ನೋಡುವವರಿಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗದ್ದಲವೇ ಇಲ್ಲಿಗೆ ಬಂದಂತೆ ತೋರಬಹುದಾದರೂ, ಆ ಗದ್ದಲದ ಒಳಗೆ ಪ್ರತಿ ಮಾತಿಗೂ ಕಟ್ಟುನಿಟ್ಟಾದ ನಿಯಮವಿದೆ.

ಉತ್ತರವಾದಿಯು ಮನಸ್ಸಿಗೆ ಬಂದಂತೆ ಭಾಷಣ ಮಾಡುವಂತಿಲ್ಲ. ಅವನಿಗೆ ದೊರೆಯುವ ಉತ್ತರಗಳು ಬೆರಳೆಣಿಕೆಯಷ್ಟು: ಒಪ್ಪಿಕೊಂಡರೆ ‘ಡೊ’, ಕಾರಣ ಕೇಳಬೇಕಾದರೆ ‘ಚೀ ಛಿರ್’, ಮುಂದಿಟ್ಟ ಹೇತು, ಅಂದರೆ ಕಾರಣ, ಸಿದ್ಧವಾಗಿಲ್ಲವೆನ್ನಬೇಕಾದರೆ ‘ತಾ ಮಡುಪ್’, ಹೇತುವಿಗೂ ಸಾಧಿಸಬೇಕಾದ ಸಾಧ್ಯಕ್ಕೂ ವ್ಯಾಪ್ತಿಯಿಲ್ಲವೆನ್ನಬೇಕಾದರೆ ‘ಖ್ಯಾಪ ಮಜುಂಗ್’. ವ್ಯಾಪ್ತಿಯೆಂದರೆ ಹೊಗೆಯಿರುವಲ್ಲೆಲ್ಲ ಬೆಂಕಿಯಿರಲೇಬೇಕೆಂಬಂಥ ಬಿಡದ ನಂಟು. ನ್ಯಾಯಶಾಸ್ತ್ರ ಓದಿದ ಕನ್ನಡಿಗರಿಗೆ ಇದು ಪರಿಚಿತವಾದ ಪರಿಭಾಷೆಯೇ.

ಹತ್ತು ಹನ್ನೆರಡು ವರ್ಷದ ಹುಡುಗರು ‘ಡುಡ್ರಾ’ ಎಂಬ ಪ್ರಾಥಮಿಕ ತರ್ಕಪಾಠದಲ್ಲಿ ಮೊಟ್ಟಮೊದಲು ಎದುರಿಸುವ ವಾದವೊಂದು ಬಣ್ಣಗಳನ್ನು ಕುರಿತದ್ದು. ಬಣ್ಣವಾದುದೆಲ್ಲವೂ ಕೆಂಪಾಗಿಯೇ ಇರಬೇಕೆ ಎಂದು ಪ್ರಶ್ನಕನು ಕೇಳುತ್ತಾನೆ. ಎದುರಿನವನು ಅಜಾಗರೂಕತೆಯಿಂದ, ಇಲ್ಲವೆ ಪಾಠದ ಸಲುವಾಗಿ ಬೇಕೆಂದೇ, ಹೌದೆನ್ನುತ್ತಾನೆ. ಆಗ ಪ್ರಶ್ನಕನು ಬಿಳಿಯ ಶಂಖದ ಬಣ್ಣವನ್ನು ಪಕ್ಷವಾಗಿ, ಅಂದರೆ ವಾದದ ವಿಷಯವಾಗಿ, ಇಟ್ಟು, ಅದು ಬಣ್ಣವಾದ್ದರಿಂದ ಅದೂ ಕೆಂಪಾಗಬೇಕಾಗುತ್ತದೆ ಎಂದು ಪ್ರಸಂಗವನ್ನು, ಅಂದರೆ ಒಪ್ಪಿದ ಮಾತಿನಿಂದಲೇ ಬರುವ ಅನಿಷ್ಟ ಫಲವನ್ನು, ಒಡ್ಡುತ್ತಾನೆ. ಈಗ ಉತ್ತರವಾದಿಗೆ ದಾರಿಗಳು ಮುಚ್ಚುತ್ತ ಬರುತ್ತವೆ. ಹೇತು ಸಿದ್ಧವಾಗಿಲ್ಲವೆಂದರೆ ಬಿಳಿಯು ಬಣ್ಣವೇ ಅಲ್ಲವೆಂದಂತಾಗುತ್ತದೆ. ವ್ಯಾಪ್ತಿಯಿಲ್ಲವೆಂದರೆ ತಾನೇ ಈಗಷ್ಟೇ ಒಪ್ಪಿದ್ದನ್ನು ಬಿಟ್ಟುಕೊಟ್ಟಂತಾಗುತ್ತದೆ. ‘ಡೊ’ ಎಂದರೆ ಬಿಳಿಯನ್ನು ಕೆಂಪೆಂದು ಒಪ್ಪಬೇಕಾಗುತ್ತದೆ. ತನ್ನ ಮಾತಿಗೆ ತಾನೇ ವಿರುದ್ಧವಾದೊಡನೆ ಪ್ರಶ್ನಕನು ಬಲಗೈಯ ಹಿಂಬದಿಯನ್ನು ಎಡ ಅಂಗೈಗೆ ಬಡಿದು ‘ತ್ಸಾ’ ಎಂದು ಕೂಗುತ್ತಾನೆ, ಸುತ್ತಲಿನವರೂ ದನಿಗೂಡಿಸುತ್ತಾರೆ. ಹೀಗೆ ಶಂಖದ ಬಣ್ಣದಿಂದ ಆರಂಭವಾದ ಕಲಿಕೆಯು ವರ್ಷಗಳು ಕಳೆದಂತೆ ಆತ್ಮವೆಂಬುದು ಉಂಟೆ, ವಸ್ತುಗಳಿಗೆ ಸ್ವಭಾವವಿದೆಯೆ ಎಂಬ ಪ್ರಶ್ನೆಗಳವರೆಗೆ ಅದೇ ನಿಯಮಗಳ ಮೇಲೆ ನಡೆದುಹೋಗುತ್ತದೆ.

ಈ ಪದ್ಧತಿಯಲ್ಲಿ ಅತ್ಯಂತ ಗೌರವಾರ್ಹವಾದುದು ಸೋಲನ್ನು ಕುರಿತ ಅದರ ಧೋರಣೆ. ಇಂದು ಪ್ರಶ್ನಿಸಿದವನು ನಾಳೆ ಉತ್ತರಿಸಲು ಕೂರಬೇಕು. ಉತ್ತರಿಸಲಾಗದೆ ಹೋದರೆ ನಾಚಿಕೆಯ ಬದಲು ಮರುದಿನದ ಓದು ಹೆಚ್ಚುತ್ತದೆ. ಗುರುವಿನ ಮಾತೂ ಗ್ರಂಥದ ಮಾತೂ ಈ ಅಂಗಳದಲ್ಲಿ ಪ್ರಶ್ನೆಗೆ ಹೊರತಲ್ಲ. ಶ್ರದ್ಧೆಯೇ ಸರ್ವಸ್ವವೆಂದು ಹೊರಗಿನವರು ಭಾವಿಸುವ ಒಂದು ಮಠದಲ್ಲಿ, ಸನ್ಯಾಸಿಯ ದಿನದ ಬಹುದೊಡ್ಡ ಪಾಲು ಸಂದೇಹಕ್ಕೆ ಮೀಸಲಾಗಿದೆಯೆಂಬುದು ಇಂದಿನ ಯಾವ ಶಾಲೆಯೂ ಗಮನಿಸಬೇಕಾದ ಸಂಗತಿ.

ಪೂರ್ಣ ಪಠ್ಯಕ್ರಮವು ಐದು ಶಾಸ್ತ್ರಗಳದು: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನ ಹೆಸರಿನ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಇವನ್ನು ಮುಗಿಸಲು ಹದಿನೈದರಿಂದ ಇಪ್ಪತ್ತು ವರ್ಷ ಹಿಡಿಯುತ್ತದೆ. ‘ಗೆಶೆ’ ಪದವಿಗಳಲ್ಲಿ ಅತ್ಯುನ್ನತವಾದ ‘ಲ್ಹಾರಾಂಪಾ’ಕ್ಕೆ ಅದರ ಮೇಲೆ ಇನ್ನೂ ಆರು ವರ್ಷದ ಪರೀಕ್ಷೆಗಳಿವೆ. ಬಹುಕಾಲ ಪುರುಷರಿಗಷ್ಟೇ ತೆರೆದಿದ್ದ ಈ ದಾರಿಯಲ್ಲಿ ಸನ್ಯಾಸಿನಿಯರೂ ಮುಂದೆ ಬಂದಿದ್ದಾರೆ. ಮುಂಡಗೋಡದಲ್ಲಿ 1987ರಲ್ಲಿ ಆರಂಭವಾದ ಜಾಂಗ್‌ಚುಬ್ ಚೋಲಿಂಗ್ ಸನ್ಯಾಸಿನಿಯರ ಮಠದಲ್ಲಿಯೂ ವಾದದ ಕಲಿಕೆ ನಡೆಯುತ್ತದೆ. ಡ್ರೆಪುಂಗ್ ಮಠದ ಆರುನೂರನೆಯ ವರ್ಷದ ಸಂದರ್ಭದಲ್ಲಿ, 2016ರ ಡಿಸೆಂಬರ್ 22ರಂದು, ಇಪ್ಪತ್ತು ಸನ್ಯಾಸಿನಿಯರು ದಲೈ ಲಾಮಾ ಅವರಿಂದ ‘ಗೆಶೆಮಾ’ ಪದವಿ ಪಡೆದದ್ದು ಇದೇ ಮುಂಡಗೋಡದಲ್ಲಿ. 2013ರ ಜನವರಿಯಲ್ಲಿ ವಿಜ್ಞಾನಿಗಳು ಮತ್ತು ಬೌದ್ಧ ವಿದ್ವಾಂಸರ ಸಂವಾದವೂ ಡ್ರೆಪುಂಗ್ ಮಠದಲ್ಲಿಯೇ ನಡೆಯಿತು.

ಬೌದ್ಧ ಮಠಗಳು ಈ ಸೀಮೆಗೆ ಹೊಸತೆಂದು ಭಾವಿಸಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1065ರಲ್ಲಿ, ಜಯಂತಿ ಬೌದ್ಧವಿಹಾರವಿತ್ತು. ಅದೇ ಊರಿನ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಆ ಕಾಳಾಮುಖ ಶೈವಮಠದಲ್ಲಿ ನ್ಯಾಯ, ವೈಶೇಷಿಕ, ಸಾಂಖ್ಯಗಳ ಜೊತೆ ಬೌದ್ಧದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತೆಂದು ಹೇಳುತ್ತದೆ. ಗದಗ ಜಿಲ್ಲೆಯ ಡಂಬಳದಲ್ಲಿ ವ್ಯಾಪಾರಿ ಸೆಟ್ಟರು ಕಟ್ಟಿಸಿದ ವಿಹಾರವನ್ನು ಕುರಿತ 1095ರ ಶಾಸನವು ತಾರಾದೇವಿಯನ್ನು ಸ್ತುತಿಸುತ್ತದೆ. ಆ ವಿಹಾರಗಳು ಅಳಿದು ಶತಮಾನಗಳು ಕಳೆದ ಮೇಲೆ, ಅದೇ ತಾರೆಯ ಸ್ತುತಿಯು ಟಿಬೆಟನ್ ಭಾಷೆಯಲ್ಲಿ ಮುಂಡಗೋಡದ ಅಂಗಳದಲ್ಲಿ ಮತ್ತೆ ಕೇಳಿಬರುತ್ತಿದೆ.

ಮಠದ ಹೊರಗೆ, ಸಂಖ್ಯೆಗಳಿಂದ ಗುರುತಿಸುವ ಶಿಬಿರಗಳಲ್ಲಿ, ಗೃಹಸ್ಥರು ಮಳೆಯನ್ನೇ ನಂಬಿ ಗೋವಿನಜೋಳ ಮತ್ತು ಭತ್ತ ಬೆಳೆಯುತ್ತಾರೆ. ಕುಪ್ಪೇಲೂರಿನ ಕಡೆಯ ರೈತರಿಗೆ ಈ ಬೇಸಾಯದ ಕಷ್ಟಸುಖ ವಿವರಿಸಬೇಕಾಗಿಲ್ಲ. ಸುಗ್ಗಿಯ ಆಸುಪಾಸಿನಲ್ಲಿ ಅನೇಕ ಕುಟುಂಬಗಳು ಊರೂರಿಗೆ ಹೋಗಿ ಚಳಿಗಾಲದುದ್ದಕ್ಕೂ ಸ್ವೆಟರ್ ಮಾರುತ್ತವೆ. ತರುಣರು ಅಮೆರಿಕ, ಕೆನಡಾ, ಯುರೋಪುಗಳ ಕಡೆ ಮುಖಮಾಡಿರುವುದರಿಂದ ಮನೆಗಳಲ್ಲಿ ವೃದ್ಧರು ಉಳಿಯುತ್ತಿದ್ದಾರೆ. 2008ರ ಬಳಿಕ ಟಿಬೆಟ್ಟಿನ ಗಡಿಯಲ್ಲಿ ಕಾವಲು ಬಿಗಿಯಾದ್ದರಿಂದ ಅಲ್ಲಿಂದ ಬರುವ ಹೊಸ ಸನ್ಯಾಸಿಗಳು ಬಹಳ ಕಡಿಮೆಯಾಗಿ, ಈಗ ಸೇರುವ ಹುಡುಗರಲ್ಲಿ ಹೆಚ್ಚಿನವರು ಲಡಾಖ್, ಹಿಮಾಚಲ, ಅರುಣಾಚಲ, ನೇಪಾಳಗಳವರು. ಬಕ್ಸಾದ ಶಿಬಿರವನ್ನು ಕಂಡಿದ್ದ, ಟಿಬೆಟ್ಟಿನ ಹಳೆಯ ಮಠಗಳಲ್ಲಿಯೇ ವಾದ ಕಲಿತಿದ್ದ ತಲೆಮಾರು ಬಹುಮಟ್ಟಿಗೆ ಮರೆಯಾಗಿದೆ.

ಈ ತರ್ಕಪರಂಪರೆಯತ್ತ ಕನ್ನಡನಾಡಿನ ವಿದ್ವಾಂಸರ ಗಮನ ಹಿಂದೆಯೇ ಹರಿದಿತ್ತು. ಮೈಸೂರು ವಿಶ್ವವಿದ್ಯಾಲಯವು 1930ರಲ್ಲಿಯೇ ಬೌದ್ಧ ತಾರ್ಕಿಕ ದಿಙ್ನಾಗನ ಪ್ರಮಾಣಸಮುಚ್ಚಯದ ಮೊದಲ ಪರಿಚ್ಛೇದವನ್ನು ಪ್ರಕಟಿಸಿತ್ತು. ಮೂಲ ಸಂಸ್ಕೃತವು ಕೈಗೆ ಸಿಗದಿದ್ದಾಗ, ಅದನ್ನು ಟಿಬೆಟನ್ ಅನುವಾದದಿಂದ ಸಂಸ್ಕೃತಕ್ಕೆ ಮರಳಿ ರೂಪಿಸಿಕೊಟ್ಟವರು ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್. ಟಿಬೆಟನ್ ವಿದ್ವಾಂಸರು ಈ ನಾಡಿಗೆ ಬರುವುದಕ್ಕೆ ಮೂರು ದಶಕ ಮೊದಲು ಕೇವಲ ಗ್ರಂಥಗಳ ನೆರವಿನಿಂದ ಅವರು ಆ ಕೆಲಸ ಮಾಡಿದರು. ಇಂದು ಆ ಪರಂಪರೆಯನ್ನು ಬಾಯಿಪಾಠವಾಗಿ ಬಲ್ಲವರು ಹಾನಗಲ್ಲದ ಆಚೆಯೇ ಇದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಅಲ್ಲಿಂದ ದೂರವಿಲ್ಲ. ಕೆಲವರಾದರೂ ಕನ್ನಡದ ವಿದ್ಯಾರ್ಥಿಗಳು ಟಿಬೆಟನ್ ಕಲಿತು, ಹಿರಿಯ ಗೆಶೆಗಳ ಎದುರು ಕುಳಿತು, ಡುಡ್ರಾದಿಂದ ಆರಂಭಿಸಿ ಈ ವಾದಪದ್ಧತಿಯನ್ನು ಕನ್ನಡದಲ್ಲಿ ದಾಖಲಿಸುವಂತೆ ಈ ಸಂಸ್ಥೆಗಳು ಏರ್ಪಾಡು ಮಾಡಬೇಕು. ಗೆಶೆಗಳಲ್ಲಿ ಹಿರಿಯರಾದವರಿಗೆ ಈಗಾಗಲೇ ಎಂಬತ್ತರ ಆಸುಪಾಸಿನ ವಯಸ್ಸಾಗಿರುವುದರಿಂದ ಈ ಕೆಲಸವನ್ನು ಇನ್ನು ಮುಂದೂಡಬಾರದು.