ನಿಮಗಿದು ಗೊತ್ತೆ? ಒಂದೇ ದೇಶ, ಎರಡು ಬಗೆಯ ಕರೆಂಟು

ಜಪಾನಿನ ಶಿಜುವೋಕಾ ಪ್ರಾಂತ್ಯದಲ್ಲಿ ಫುಜಿ ನದಿ ದಾಟಿದರೆ ಕರೆಂಟೇ ಬೇರೆ. ಪೂರ್ವಕ್ಕೆ ಟೋಕಿಯೊ ಎಲೆಕ್ಟ್ರಿಕ್ ಪವರ್ ಕಂಪನಿಯ 50 ಹರ್ಟ್ಸ್, ಪಶ್ಚಿಮಕ್ಕೆ ಚುಬು ಎಲೆಕ್ಟ್ರಿಕ್ ಪವರ್‌ನ 60 ಹರ್ಟ್ಸ್. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದ್ದೇ ಇದಕ್ಕೆ ಮೂಲ. 1951ರಲ್ಲಿ ದೇಶವನ್ನು ಒಂಬತ್ತು ಪ್ರಾದೇಶಿಕ ಕಂಪನಿಗಳಿಗೆ ಹಂಚಿದಾಗಲೂ (ಆಮೇಲೆ ಒಕಿನಾವಾ ಸೇರಿ ಹತ್ತಾಯಿತು) ಈ ಗೆರೆ ಅಳಿಯಲಿಲ್ಲ.

ಮನೆ ಬದಲಿಸುವವರ ಪಾಡು ಕೇಳಿ. ಕರೆಂಟಿನ ಲಯಕ್ಕೇ ಓಡುವ ಹಳೆಯ ಗೋಡೆ ಗಡಿಯಾರವನ್ನು ಟೋಕಿಯೊದಿಂದ ಒಸಾಕಾಕ್ಕೆ ಒಯ್ದು ಪ್ಲಗ್ ಹಾಕಿದರೆ, ಗಂಟೆಗೆ 12 ನಿಮಿಷ ಮುಂದೆ! ಈಗ ಬಹಳಷ್ಟು ಉಪಕರಣಗಳ ಬೆನ್ನಿಗೆ ‘50/60’ ಎಂಬ ಚೀಟಿ ಇರುತ್ತದೆ, ಬಚಾವ್.

ಪೆಟ್ಟು ಬಿದ್ದದ್ದು 2011ರ ಮಾರ್ಚ್‌ನಲ್ಲಿ. ಭೂಕಂಪ, ಸುನಾಮಿಗೆ ಸ್ಥಾವರಗಳು ನಿಂತು, ಟೋಕಿಯೊ ಕಂಪನಿ ಸರದಿಯಂತೆ ಕರೆಂಟು ತೆಗೆಯಿತು. ನಮ್ಮ ಭಾಷೆಯಲ್ಲಿ ಲೋಡ್ ಶೆಡ್ಡಿಂಗ್. ಪಶ್ಚಿಮದಿಂದ ತರಿಸೋಣವೆಂದರೆ, ಹರ್ಟ್ಸ್ ಬದಲಿಸಿ ದಾಟಿಸುವ ಕೇಂದ್ರಗಳ ಒಟ್ಟು ಸಾಮರ್ಥ್ಯ ಆಗ ಸುಮಾರು 10 ಲಕ್ಷ ಕಿಲೋವಾಟ್ ಅಷ್ಟೇ. ಅವುಗಳಲ್ಲಿ ಹಿರಿಯದು, ಸಕುಮಾದ್ದು, 1965ರಷ್ಟು ಹಳೆಯದು.