ಆರನೇ ಪ್ರಶ್ನೆಯ ಎದುರು ಕುಳಿತವರು

2 ಮತ್ತು 8 ತೆಗೆದುಕೊಳ್ಳಿ. ಎರಡರ ವರ್ಗಗಳನ್ನು ಕೂಡಿದರೆ 68. ಎರಡನ್ನೂ ಗುಣಿಸಿ ಒಂದು ಸೇರಿಸಿದರೆ 17. 68ನ್ನು 17ರಿಂದ ಭಾಗಿಸಿದರೆ ಶೇಷವಿಲ್ಲದೆ 4 ಬರುತ್ತದೆ. ಅದು 2ರ ವರ್ಗ. 3 ಮತ್ತು 27 ಇಟ್ಟರೆ 738ನ್ನು 82ರಿಂದ ಭಾಗಿಸಬೇಕು. ಬರುವುದು 9, ಅಂದರೆ 3ರ ವರ್ಗ. ಹೀಗೆ ಶೇಷ ಉಳಿಯದ ಜೋಡಿ ಯಾವುದೇ ಇರಲಿ, ಉತ್ತರ ವರ್ಗಸಂಖ್ಯೆಯೇ ಆಗಿರುತ್ತದೆ ಎಂದು ಸಾಧಿಸಿ. 1988ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರನೇ ಪ್ರಶ್ನೆ ಇದು.

ಪ್ರಶ್ನೆ ಆರಿಸುವ ಸಮಿತಿಯವರಿಗೇ ಇದು ಬಗೆಹರಿದಿರಲಿಲ್ಲ. ಆಸ್ಟ್ರೇಲಿಯದ ನಾಲ್ವರು ಸಂಖ್ಯಾಸಿದ್ಧಾಂತ ತಜ್ಞರಿಗೆ ಕಳಿಸಿ ಆರು ಗಂಟೆ ಸಮಯ ಕೊಟ್ಟರೂ ಅವರೂ ಕೈಚೆಲ್ಲಿದರು. ಆದರೂ ಅದನ್ನು ಪತ್ರಿಕೆಗೆ ಹಾಕುವ ಧೈರ್ಯವನ್ನು ತೀರ್ಪುಗಾರರು ಮಾಡಿದರು. 268 ಮಕ್ಕಳಲ್ಲಿ 11 ಮಂದಿ ಪೂರ್ಣ ಅಂಕ ಪಡೆದರು. ಅವರಲ್ಲೊಬ್ಬ ವಿಯೆಟ್ನಾಂನ ಎನ್ಗೊ ಬಾವೊ ಚಾವ್. ಆಗಷ್ಟೇ ಹದಿಮೂರಕ್ಕೆ ಕಾಲಿಡುತ್ತಿದ್ದ ಆಸ್ಟ್ರೇಲಿಯದ ಟೆರೆನ್ಸ್ ಟಾವ್‌ಗೆ ಆ ವರ್ಷ ಚಿನ್ನದ ಪದಕ ಬಂತು, ಆದರೆ ಆರನೇ ಪ್ರಶ್ನೆಗೆ ಸಿಕ್ಕಿದ್ದು ಏಳಕ್ಕೆ ಒಂದೇ ಅಂಕ. ಗಣಿತದ ಅತಿ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಟಾವ್‌ಗೆ 2006ರಲ್ಲಿ, ಚಾವ್‌ಗೆ 2010ರಲ್ಲಿ ಬಂತು. ಏಳಕ್ಕೆ ಏಳು ತೆಗೆದವನಿಗಿಂತ ಒಂದು ತೆಗೆದವನಿಗೆ ನಾಲ್ಕು ವರ್ಷ ಮೊದಲೇ!

ಗಣಿತ ಒಲಿಂಪಿಯಾಡ್ ಶುರುವಾದದ್ದು 1959ರಲ್ಲಿ, ರುಮೇನಿಯದಲ್ಲಿ, ಏಳು ದೇಶಗಳೊಂದಿಗೆ. ಈಗ ನೂರಕ್ಕೂ ಹೆಚ್ಚು ದೇಶಗಳು ಬರುತ್ತವೆ. ಪ್ರತಿ ದೇಶದಿಂದ ಗರಿಷ್ಠ ಆರು ಮಂದಿ; ವಯಸ್ಸು ಇಪ್ಪತ್ತರೊಳಗೆ, ವಿಶ್ವವಿದ್ಯಾಲಯ ಸೇರಿರಬಾರದು. ಪರೀಕ್ಷೆ ಎರಡು ದಿನ. ದಿನಕ್ಕೆ ನಾಲ್ಕೂವರೆ ಗಂಟೆ, ಪ್ರಶ್ನೆ ಮೂರೇ. ನಮ್ಮ ಮಕ್ಕಳಿಗೆ ರೂಢಿಯಾಗಿರುವುದು ನಿಮಿಷಕ್ಕೊಂದು ಪ್ರಶ್ನೆಯ ಓಟ. ಇಲ್ಲಿ ಒಂದೊಂದರ ಮುಂದೆ ಒಂದೂವರೆ ಗಂಟೆ ಕೂರಬೇಕು. ತಂಡದ ನಾಯಕರು ಪ್ರಶ್ನೆಗಳನ್ನು ತಮ್ಮ ಭಾಷೆಗೆ ಅನುವಾದಿಸುತ್ತಾರೆ, ಮಕ್ಕಳು ತಮ್ಮ ಭಾಷೆಯಲ್ಲೇ ಉತ್ತರ ಬರೆಯಬಹುದು. ಕೊನೆಗೆ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಪದಕ ಸಿಗುತ್ತದೆ.

ಹಾಗಾದರೆ ಹೈಸ್ಕೂಲಿನ ಮಕ್ಕಳಿಗೆ ಇದೆಲ್ಲ ದೂರದ ಮಾತೇ? ಅಲ್ಲ. 1947ರಲ್ಲಿ ಹಂಗೇರಿಯ ಶಾಲಾ ಸ್ಪರ್ಧೆಯಲ್ಲಿ ಕೇಳಿದ ಪ್ರಶ್ನೆಯೊಂದನ್ನು ಬೀಜಗಣಿತದ ಗಂಧವಿಲ್ಲದವರೂ ಬಿಡಿಸಬಹುದು. ಮದುವೆ ಊಟದ ಪಂಕ್ತಿಯಲ್ಲಿ ಆರು ಮಂದಿ ಕುಳಿತಿದ್ದಾರೆ ಎನ್ನಿ. ಆ ಆರರಲ್ಲಿ ಪರಸ್ಪರ ಪರಿಚಯವಿರುವ ಮೂವರಾದರೂ ಇರಬೇಕು, ಇಲ್ಲವೇ ಒಬ್ಬರಿಗೊಬ್ಬರು ಅಪರಿಚಿತರಾದ ಮೂವರಾದರೂ ಇರಬೇಕು. ಇದನ್ನು ತೋರಿಸುವುದು ಹೇಗೆ? ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಬರೆಯಲು ಹೊರಟರೆ ಮೂವತ್ತೆರಡು ಸಾವಿರಕ್ಕೂ ಹೆಚ್ಚಾಗುತ್ತವೆ. ಅದರ ಬದಲು ಒಬ್ಬಳನ್ನು ಹಿಡಿಯಿರಿ, ಹೆಸರು ಲೀಲಾ ಎಂದಿರಲಿ. ಉಳಿದ ಐವರಲ್ಲಿ ಕೆಲವರು ಅವಳಿಗೆ ಗೊತ್ತು, ಕೆಲವರು ಗೊತ್ತಿಲ್ಲ. ಐವರನ್ನು ಎರಡು ಗುಂಪು ಮಾಡಿದರೆ ಒಂದರಲ್ಲಿ ಕನಿಷ್ಠ ಮೂವರು ಇರಲೇಬೇಕು. ಗೊತ್ತಿರುವವರೇ ಮೂವರು ಎಂದುಕೊಳ್ಳಿ. ಆ ಮೂವರಲ್ಲಿ ಯಾರಾದರೂ ಇಬ್ಬರಿಗೆ ಪರಿಚಯವಿದ್ದರೆ ಲೀಲಾ ಸೇರಿ ಪರಿಚಿತರ ಮೂವರಾದರು. ಯಾರಿಗೂ ಯಾರ ಪರಿಚಯವೂ ಇಲ್ಲದಿದ್ದರೆ ಆ ಮೂವರೇ ಅಪರಿಚಿತರ ಕೂಟ. ಗೊತ್ತಿಲ್ಲದವರ ಗುಂಪು ದೊಡ್ಡದಾದರೂ ಇದೇ ವಾದ ತಿರುವುಮುರುವಾಗಿ ನಡೆಯುತ್ತದೆ. ಕೆಲಸ ಮುಗಿಯಿತು. ಐದೇ ಮಂದಿ ಇದ್ದರೆ ಮಾತ್ರ ಇದು ನಿಲ್ಲುವುದಿಲ್ಲ: ದುಂಡುಮೇಜಿನ ಸುತ್ತ ಐವರು ಕೂತು, ಪ್ರತಿಯೊಬ್ಬರಿಗೂ ಅಕ್ಕಪಕ್ಕದವರು ಮಾತ್ರ ಪರಿಚಯವಿದ್ದರೆ ಅಂಥ ಮೂವರು ಸಿಗುವುದಿಲ್ಲ. ಒಲಿಂಪಿಯಾಡ್ ಪ್ರಶ್ನೆಯ ರುಚಿ ಇಂಥದ್ದು. ಸೂತ್ರ ಬೇಕಿಲ್ಲ, ಎಲ್ಲಿಂದ ಹಿಡಿಯಬೇಕು ಎನ್ನುವುದು ಹೊಳೆಯಬೇಕು.

ವಿಜ್ಞಾನದ ಒಲಿಂಪಿಯಾಡ್‌ಗಳು ಗಣಿತದ ಬೆನ್ನಿಗೇ ಬಂದವು. ಭೌತಶಾಸ್ತ್ರದ್ದು 1967ರಲ್ಲಿ ವಾರ್ಸಾದಲ್ಲಿ, ರಸಾಯನಶಾಸ್ತ್ರದ್ದು ಮರುವರ್ಷ ಪ್ರಾಗ್‌ನಲ್ಲಿ, ಜೀವಶಾಸ್ತ್ರದ್ದು 1990ರಲ್ಲಿ. ಇಲ್ಲಿ ಬರೆಯುವ ಪರೀಕ್ಷೆಯಷ್ಟೇ ಸಾಲದು. ಭೌತಶಾಸ್ತ್ರದಲ್ಲಿ ಐದು ಗಂಟೆಯ ಪ್ರಯೋಗ ಪರೀಕ್ಷೆಯೂ ಇದೆ. ಎದುರಿಗಿಟ್ಟ ಅಪರಿಚಿತ ಉಪಕರಣಗಳಿಂದ ಅಳತೆ ತೆಗೆದು, ನಕ್ಷೆ ಎಳೆದು, ತಪ್ಪು ಎಷ್ಟಿರಬಹುದೆಂದೂ ಹೇಳಬೇಕು. ಪ್ರಯೋಗಾಲಯದ ಬೀಗ ವರ್ಷಕ್ಕೊಮ್ಮೆ ತೆಗೆಯುವ ಶಾಲೆಗಳ ಮಕ್ಕಳು ಎಡವುವುದು ಇಲ್ಲಿಯೇ.

ಚಿಕ್ಕವರಿಗೆಂದೇ 2004ರಲ್ಲಿ ಜಕಾರ್ತದಲ್ಲಿ ಕಿರಿಯರ ವಿಜ್ಞಾನ ಒಲಿಂಪಿಯಾಡ್ ಶುರುವಾಯಿತು. ಹದಿನೈದು ದಾಟದವರಿಗೆ ಮಾತ್ರ ಪ್ರವೇಶ. ಪ್ರಯೋಗವನ್ನು ಮೂರು ಮೂರು ಮಂದಿ ಸೇರಿ ಮಾಡಬೇಕು ಎನ್ನುವುದು ಇದರ ಸೊಗಸು. 2019ರಲ್ಲಿ ದೋಹಾದಲ್ಲಿ ಭಾರತದ ಆರಕ್ಕೆ ಆರೂ ಮಂದಿ ಚಿನ್ನ ತಂದರು.

ಗಣಿತಕ್ಕೆ ಭಾರತ ಕಾಲಿಟ್ಟದ್ದು 1989ರಲ್ಲಿ. ಈ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ಒಲಿಂಪಿಯಾಡ್ ಕೋಶದಲ್ಲಿ ದುಡಿದ ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ ಅವರು ಇನ್ನಿಬ್ಬರೊಂದಿಗೆ ಬರೆದ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ಈಗಲೂ ಸ್ಪರ್ಧಿಗಳ ಕೈಪಿಡಿ. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿಯೊಂದಿಗೆ ಭಾರತ ನಾಲ್ಕನೇ ಸ್ಥಾನಕ್ಕೇರಿತು. ಹೆಣ್ಣುಮಕ್ಕಳು ಈ ತಂಡಗಳಲ್ಲಿ ಕಾಣುವುದು ಅಪರೂಪ; ಅವರಿಗೆಂದೇ ಇರುವ ಯುರೋಪಿಯನ್ ಬಾಲಕಿಯರ ಗಣಿತ ಒಲಿಂಪಿಯಾಡ್‌ಗೆ ಭಾರತ 2015ರಿಂದ ತಂಡ ಕಳಿಸುತ್ತಿದೆ.

ದಾರಿ ಹೀಗೆ. ಗಣಿತಕ್ಕೆ ಮೊದಲು ಐಒಕ್ಯುಎಂ ಎಂಬ ಅರ್ಹತಾ ಪರೀಕ್ಷೆ, 8ರಿಂದ 12ನೇ ತರಗತಿಯವರಿಗೆ. ಆಮೇಲೆ ಪ್ರಾದೇಶಿಕ, ರಾಷ್ಟ್ರೀಯ ಹಂತ, ತರಬೇತಿ ಶಿಬಿರ. ವಿಜ್ಞಾನಕ್ಕೆ ಭೌತಶಾಸ್ತ್ರ ಅಧ್ಯಾಪಕರ ಸಂಘ ನಡೆಸುವ ಮೊದಲ ಹಂತದ ಪರೀಕ್ಷೆಗಳಿವೆ. ಕಿರಿಯರದ್ದು ಹತ್ತನೇ ತರಗತಿಯವರೆಗಿನವರಿಗೆ. ಮುಂದಿನದನ್ನೆಲ್ಲ ನೋಡಿಕೊಳ್ಳುವುದು ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಒಂದನೇ ತರಗತಿಯಿಂದಲೇ ಶುಲ್ಕ ಕಟ್ಟಿಸಿಕೊಂಡು ಶಾಲೆಗಳಲ್ಲಿ ನಡೆಸುವ ಖಾಸಗಿ ‘ಒಲಿಂಪಿಯಾಡ್’ಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವುಗಳಲ್ಲಿ ಗೆದ್ದ ಪದಕ ಮಕ್ಕಳಿಗೆ ಖುಷಿ ಕೊಡಬಹುದು, ಆದರೆ ಅದರಿಂದ ಭಾರತ ತಂಡದ ಬಾಗಿಲು ತೆರೆಯುವುದಿಲ್ಲ. ಪೋಷಕರು ಹಣ ಕಟ್ಟುವ ಮುನ್ನ ಇಷ್ಟನ್ನು ತಿಳಿದಿರುವುದು ಒಳ್ಳೆಯದು.

ಒಲಿಂಪಿಯಾಡ್‌ಗಳ ಕುಟುಂಬ ಕರ್ನಾಟಕಕ್ಕೂ ಬಂದಿತ್ತು. 2013ರಲ್ಲಿ ಭೂವಿಜ್ಞಾನದ್ದು, 2016ರಲ್ಲಿ ಭಾಷಾವಿಜ್ಞಾನದ್ದು, ಎರಡೂ ಮೈಸೂರಿನಲ್ಲಿ. ಭಾಷಾವಿಜ್ಞಾನದಲ್ಲಿ ಹೆಸರೂ ಕೇಳಿರದ ಭಾಷೆಯ ಕೆಲವು ವಾಕ್ಯಗಳನ್ನೂ ಅವುಗಳ ಅರ್ಥವನ್ನೂ ಕೊಡುತ್ತಾರೆ. ವ್ಯಾಕರಣವನ್ನು ನೀವೇ ಪತ್ತೆಹಚ್ಚಬೇಕು. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡುವ ಮಕ್ಕಳಿಗೆ ಹೇಳಿ ಮಾಡಿಸಿದ ಆಟವಿದು. ಆದರೂ ನಮ್ಮ ಶಾಲೆಗಳಲ್ಲಿ ಇದರ ಸುದ್ದಿಯೇ ಇಲ್ಲ.

ಗಣಿತ ಒಲಿಂಪಿಯಾಡ್‌ನ 1959ರಿಂದ ಇತ್ತೀಚಿನವರೆಗಿನ ಪ್ರಶ್ನೆಗಳು ಅದರ ಅಧಿಕೃತ ಜಾಲತಾಣದಲ್ಲಿ, ಭಾರತದ ಹಂತಗಳ ಹಳೆಯ ಪತ್ರಿಕೆಗಳು ಹೋಮಿ ಭಾಭಾ ಕೇಂದ್ರದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಶುರುಮಾಡುವವರು ಪ್ರಾದೇಶಿಕ ಹಂತದ ಮೊದಲ ಪ್ರಶ್ನೆಗಳಿಂದ ಹೊರಡಬಹುದು, ಉತ್ತರದ ಪುಟವನ್ನು ಎರಡು ದಿನ ಮಡಚಿಟ್ಟು.